ಕರೆದರೆ ಬಾರದ ಮನೆ

ಜೂನ್ 3, ಸೋಮವಾರ, ಸಂಜೆ 6.40

ಡಾಕ್ಟರು ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ನನ್ನ ತೋಳಿನಿಂದ ಬಿಚ್ಚುತ್ತಾ, "ಏನು ಕೆಲಸ ಮಾಡ್ತೀರಿ?" ಎಂದರು.

"ತಪ್ಪು ಹುಡುಕ್ತೀನಿ."

"ಎಷ್ಟು ವರ್ಷದಿಂದ?"

"ಹತ್ತೊಂಬತ್ತು."

"ಮನೇಲೋ, ಆಫೀಸಲ್ಲೋ?"

ಹೊರಗೆ ಬೆಂಚಿನ ಮೇಲೆ ಕೂತಿದ್ದ ನಮ್ಮವರು ನಕ್ಕಿದ್ದು ಒಳಗಿನವರೆಗೂ ಕೇಳಿಸಿತು. ಸಿಟ್ಟು ಬಂದಾಗ ಯಾರ ಮೇಲೂ ಹಾರಬೇಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮುಚ್ಚಿಡಿ ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ಇದು. ಈ ನೋಟ್‌ಬುಕ್ಕಿನ ಮೂರನೇ ಹಾಳೆಯ ಗೆರೆಗಳು ಸೊಟ್ಟಗಿವೆ. ಅಂಗಡಿಯವನಿಗೆ ಹೇಳಬೇಕು.

ಇವತ್ತಿನ ಸಿಟ್ಟು ಆಫೀಸಿನದು. ನಮ್ಮದು ನಲವತ್ತು ಜನರ ಕಂಪನಿ. ಮೊದಲು ಟಿವಿಯ ರಿಮೋಟ್ ಮಾಡಿಕೊಂಡು ನೆಮ್ಮದಿಯಾಗಿದ್ದೆವು. ಮಾಲೀಕರಿಗೆ ಗೇಮ್ ಆಡುವ ಕನ್ಸೋಲ್ ಮಾಡುವ ಹುಚ್ಚು ಹಿಡಿಯಿತು. ಅವರು ಒಂದು ಕಾಲಕ್ಕೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು, ಈಗಲೂ ಎಲ್ಲರೂ ಮೇಷ್ಟ್ರು ಎಂದೇ ಕರೆಯುವುದು. ಮೊದಲನೇ ಕನ್ಸೋಲ್ ಬಂತು, ಯಾರೂ ಕೊಳ್ಳಲಿಲ್ಲ. ಎರಡನೆಯದು ಬಂತು, ಅದನ್ನು ನಮ್ಮ ಸಂಬಂಧಿಕರು ಕೊಂಡರು. ಮೂರನೆಯದು ಅಕ್ಟೋಬರಿಗೆ ಅಂಗಡಿಗೆ ಹೋಗಬೇಕು. ಅಂಗೈಯಗಲ, ಬೆಳ್ಳಗೆ, ಮೂಲೆ ಸವೆದ ಹಾಗೆ ಗುಂಡಗೆ. ಆಫೀಸಿನಲ್ಲಿ ಅದಕ್ಕೆ ಸೋಪು ಎಂದು ಹೆಸರು ಬಿದ್ದಿದೆ.

"ಈ ಸಲಾನೂ ಬಿದ್ರೆ ವಾಪಸ್ ರಿಮೋಟಿಗೇ ಹೋಗೋದು," ಎಂದರು ಮೇಷ್ಟ್ರು. "ರಿಮೋಟಿಗೆ ಹದಿನೈದು ಜನ ಸಾಕು."

ಉಳಿದ ಇಪ್ಪತ್ತೈದು ಜನ ಯಾರೆಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರಿಮೋಟಿನಲ್ಲಿ ತಪ್ಪು ಹುಡುಕಲು ಒಂದು ಇಡೀ ವಿಭಾಗ ಬೇಕಿಲ್ಲ ಎನ್ನುವುದು ನನಗೂ ಗೊತ್ತು.

ಈಗ ಪ್ರಶ್ನೆ ಇಷ್ಟು: ಸೋಪಿನ ಪೆಟ್ಟಿಗೆಯೊಳಗೆ ಒಂದೇ ಒಂದು ಗೇಮ್ ಇಟ್ಟು ಕೊಡುತ್ತೇವೆ. ಯಾವುದು? ಮಾರಾಟದ ಮುಖ್ಯಸ್ಥೆಗೆ ಕಾರ್ ರೇಸ್ ಬೇಕು. ಆಕೆ ನಡೆಯುವುದೂ ಮಾತಾಡುವುದೂ ಗುಂಡು ಹಾರಿದ ಹಾಗೆ, ಎಲ್ಲರೂ ಬುಲೆಟ್ ಮೇಡಂ ಎನ್ನುತ್ತಾರೆ. "ಜನಕ್ಕೆ ಸ್ಪೀಡ್ ಬೇಕು ಮೇಷ್ಟ್ರೇ, ಸ್ಪೀಡು!"

ನಮ್ಮಲ್ಲೇ ಗೇಮ್ ಕಟ್ಟುವವನು ಒಬ್ಬನಿದ್ದಾನೆ. ಮೊದಲು ನಾಟಕಗಳಿಗೆ ಪರದೆ ಬರೆಯುತ್ತಿದ್ದವನು. ಮುಖಕ್ಕಿಂತ ಗಡ್ಡ ದೊಡ್ಡದು, ಹೆಸರೂ ಗಡ್ಡವೇ. "ಸ್ಪೀಡ್ ಬೇಕಾದೋರು ದೊಡ್ಡ ಕಂಪನಿಗಳ ಹತ್ರ ಹೋಗ್ತಾರೆ ಮೇಡಂ. ನಮ್ಮ ಹತ್ರ ಯಾಕ್ರೀ ಬರ್ತಾರೆ?" ಎಂದ.

ಅವನು ಕಟ್ಟಿರುವ ಗೇಮಿನಲ್ಲಿ ಒಂದು ಮನೆ ಎದ್ದು ವಾಕಿಂಗ್ ಹೋಗುತ್ತದಂತೆ.

ಆಫೀಸಿನಿಂದ ಸೀದಾ ಡಾಕ್ಟರ ಹತ್ತಿರ ಹೋಗಿದ್ದು. ಮನೆಗೆ ಬಂದು ಈ ಹಾಳೆ ತೆಗೆದಿದ್ದು ಆಮೇಲೆ.

ಜೂನ್ 4, ಮಂಗಳವಾರ, ಬೆಳಗ್ಗೆ 7.10

ನಮ್ಮವರು ಸಿಟಿ ಬಸ್ಸಿನ ಡ್ರೈವರ್. ಬೆಳಗ್ಗೆ ಬೂಟು ಉಜ್ಜುವಾಗ ಸಿಳ್ಳೆ ಹಾಕುತ್ತಾರೆ. ಮದುವೆಯಾದ ದಿನದಿಂದ ಅದೇ ಒಂದು ರಾಗ. ಎರಡನೇ ಸಾಲಿನಲ್ಲಿ ಪ್ರತಿ ಸಲವೂ ಅದೇ ಜಾಗದಲ್ಲಿ ಜಾರಿ ಬೇರೆ ಎಲ್ಲಿಗೋ ಹೋಗುತ್ತದೆ, ಆಮೇಲೆ ಹೇಗೋ ವಾಪಸ್ ಬರುತ್ತದೆ. ಇಷ್ಟು ದಿನ ತಡೆದುಕೊಂಡಿದ್ದೆ. ಇವತ್ತು ಹೇಳಿದೆ, "ರೀ, ಎರಡನೇ ಸಾಲು ತಪ್ಪು. ಅಲ್ಲಿ ಮೇಲಕ್ಕೆ ಹೋಗ್ಬೇಕು, ನೀವು ಕೆಳಕ್ಕೆ ಇಳೀತೀರಿ."

"ಹೌದಾ ಇನ್‌ಸ್ಪೆಕ್ಟ್ರಮ್ಮ?" ಎಂದು ನಕ್ಕರು. ಸಿಳ್ಳೆ ನಿಲ್ಲಿಸಿ ಬೂಟು ಉಜ್ಜಿದರು.

ಹಾರಾಡದೆ, ಮೆತ್ತಗೆ ಹೇಳಿದ್ದೇನೆ. ಡಾಕ್ಟರಿಗೆ ಹೇಳಬೇಕು.

ಜೂನ್ 11, ಮಂಗಳವಾರ, ಸಂಜೆ 6.25

ಗಡ್ಡನ ಮನೆ ನನ್ನ ಮೇಜಿಗೆ ಬಂತು.

ನಮ್ಮಲ್ಲಿ ಪದ್ಧತಿ ಹೀಗಿದೆ. ಗೇಮ್ ಯಾವುದೇ ಇರಲಿ, ನನ್ನ ಕೋಣೆಗೆ ಬರಬೇಕು. ನಾನು ಆಡುತ್ತೇನೆ, ತಪ್ಪುಗಳಿಗೆ ನಂಬರ್ ಹಾಕಿ ಬರೆಯುತ್ತೇನೆ. ಕಟ್ಟಿದವರು ಪಕ್ಕದ ಕಾಲಂನಲ್ಲಿ ಉತ್ತರ ಬರೆದು, ತಿದ್ದಿ ಕಳಿಸುತ್ತಾರೆ. ಎಲ್ಲ ಸರಿಯಾದ ಮೇಲೆ ನಾನು 'ದೋಷರಹಿತ' ಎಂಬ ಸೀಲು ಒತ್ತುತ್ತೇನೆ. ಆ ಸೀಲು ಬೀಳದೆ ಮೇಷ್ಟ್ರ ಸ್ವಂತ ಗೇಮೂ ಬಾಗಿಲು ದಾಟುವುದಿಲ್ಲ. ನನ್ನ ಕೋಣೆಯ ಗೋಡೆಯ ಮೇಲೆ ಒಂದು ಬೋರ್ಡಿದೆ. ಹುಡುಕಿದ ದೋಷಗಳು: 31,206. ಹಿಂಪಡೆದ ದೋಷಗಳು: 0. ಆ ಸೊನ್ನೆಯನ್ನು ನಾನೇ ವರ್ಷಕ್ಕೊಮ್ಮೆ ಬಣ್ಣ ಹಚ್ಚಿ ಹೊಸದು ಮಾಡುತ್ತೇನೆ.

ಗೇಮ್ ಹೀಗೆ. ಒಂದು ಬೆಳಗ್ಗೆ ನೀವು ಹಾಲು ತರಲು ಹೊರಗೆ ಹೋಗಿರುತ್ತೀರಿ. ತಿರುಗಿ ನೋಡಿದರೆ ನಿಮ್ಮ ಮನೆ ಎದ್ದು ಹೊರಟಿದೆ. ಕೆಸರಿನಲ್ಲಿ ನಡೆಯುವವರು ಬಟ್ಟೆ ಎತ್ತಿ ಹಿಡಿಯುವ ಹಾಗೆ ಮುಂದಿನ ಮೆಟ್ಟಿಲುಗಳನ್ನು ಎತ್ತಿ ಹಿಡಿದುಕೊಂಡು, ಎರಡು ಪುಟ್ಟ ಕಾಲುಗಳ ಮೇಲೆ ಕುಣಿಯುತ್ತಾ ಹೋಗುತ್ತಿದೆ. ನಿಮ್ಮ ಕೈಯಲ್ಲಿ ಬೀಗದ ಕೈ. ಹಿಂದೆ ಓಡಬೇಕು, ಕರೆಯಬೇಕು, ಸಂಜೆಯೊಳಗೆ ಹೇಗಾದರೂ ಒಪ್ಪಿಸಿ ಅದರ ಜಾಗಕ್ಕೆ ತಂದು ಕೂರಿಸಬೇಕು. ಅಷ್ಟೇ. ಯಾರೂ ಸಾಯುವುದಿಲ್ಲ, ಯಾರೂ ಗೆಲ್ಲುವುದಿಲ್ಲ.

ಇವತ್ತಿನ ಪಟ್ಟಿ ಮತ್ತು ಗಡ್ಡನ ಉತ್ತರ:

ದೋಷ 9. ಅಂಗಡಿಯ ಕನ್ನಡಿ ಸಿಕ್ಕರೆ ಮನೆ ನಿಂತು ತನ್ನ ಕಿಟಕಿಯ ಪರದೆ ಸರಿಮಾಡಿಕೊಳ್ಳುತ್ತದೆ. ವಿನ್ಯಾಸದ ಕಾಗದದಲ್ಲಿ ಇಲ್ಲ.
*ಉತ್ತರ: ನಾಲ್ಕು ಜನ ನೋಡ್ತಾರಲ್ಲ ಅಕ್ಕ.*

ದೋಷ 12. ನಾಯಿ ಕಂಡರೆ ಅಡ್ಡರಸ್ತೆಗೆ ನುಗ್ಗುತ್ತದೆ. ಕಾರಣ ತಿಳಿಸಿ.
*ಉತ್ತರ: ಗುಡಿಸಲಾಗಿದ್ದಾಗ ಒಂದು ಸಲ ಕಚ್ಚಿತ್ತು.*

ದೋಷ 14. ಅಂಚೆ ಕಚೇರಿಯ ಕಟ್ಟಡದ ಜೊತೆ ನಾಲ್ಕು ನಿಮಿಷ ಮಾತಾಡುತ್ತಾ ನಿಲ್ಲುತ್ತದೆ. ಆಟಗಾರ ಏನೂ ಮಾಡುವಂತಿಲ್ಲ.
*ಉತ್ತರ: ತುಂಬಾ ದಿನದ ಮೇಲೆ ಸಿಕ್ಕಿದ್ದಾರೆ.*

ಇದು ಉತ್ತರ ಬರೆಯುವ ರೀತಿಯೇ? ಇವನನ್ನು ಕಟ್ಟಿಕೊಂಡು ಇಪ್ಪತ್ತೈದು ಜನ ಮನೆಗೆ ಹೋಗಬೇಕೇ?

ಜೂನ್ 13, ಗುರುವಾರ, ಸಂಜೆ 6.50

ದೋಷ 17. ಇದು ದೊಡ್ಡದು.

ಕೆಂಪು ಬಟನ್ ಒತ್ತಿದರೆ ಆಟಗಾರ ಮನೆಯನ್ನು ಕರೆಯುತ್ತಾನೆ. ಮನೆ ಬರಬೇಕು. ಬರುತ್ತದೆ. ಆದರೆ ಒಮ್ಮೊಮ್ಮೆ ಬರುವುದಿಲ್ಲ. ತಿರುಗಿ ನೋಡಿ, ಚಿಮಣಿಯಿಂದ ಒಂದು ಪುಟ್ಟ ಹೊಗೆಯುಂಡೆ ಬಿಟ್ಟು, ಬೆನ್ನು ಹಾಕಿ ನಿಲ್ಲುತ್ತದೆ. ಏಳುನೂರು ಸಲ ಒತ್ತಿ ನೋಡಿದೆ. ತೊಂಬತ್ತೆಂಟು ಸಲ ಬರಲಿಲ್ಲ. ಹೆಚ್ಚುಕಡಿಮೆ ಏಳಕ್ಕೆ ಒಂದು.

ಗಡ್ಡನನ್ನು ಕರೆಸಿದೆ. ಅವನು ಒಂದೇ ಕರೆಗೆ ಬಂದ.

"ಅದು ದೋಷ ಅಲ್ಲಕ್ಕ. ಅದು ಮುನಿಸು."

"ಮುನಿಸಿಗೆ ನನ್ನ ಪಟ್ಟೀಲಿ ಕಾಲಂ ಇಲ್ಲ ಕಣೋ."

"ಒಂದು ಕಾಲಂ ಎಳ್ಕೊಳ್ಳಿ."

"ದುಡ್ಡು ಕೊಟ್ಟು ಮಿಷನ್ ತಗೊಂಡೋರು ಬಟನ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ತರ್ತಾರೆ. ಆಗ ನೀನು ಹೋಗಿ ಮುನಿಸು ಅಂತ ಹೇಳ್ತೀಯಾ?"

ಗಡ್ಡ ಕೆರೆದುಕೊಂಡು ನಿಂತ. "ಆ ಬೆನ್ನು ತೆಗೆದ್ರೆ ಉಳಿಯೋದು ಬರೀ ಗೋಡೆ ಅಕ್ಕ," ಎಂದ.

ಕೆಂಪು ಶಾಯಿಯಲ್ಲಿ 'ತುರ್ತು' ಎಂದು ಬರೆದುಕೊಟ್ಟೆ.

ಜೂನ್ 20, ಗುರುವಾರ, ಸಂಜೆ 6.30

ಗಡ್ಡ ತಿದ್ದಿ ಕಳಿಸಿದ್ದಾನೆ. ಏಳುನೂರು ಸಲ ಒತ್ತಿದೆ. ಏಳುನೂರು ಸಲವೂ ಬಂತು. ಪಟ್ಟಿಯಲ್ಲಿ ಅವನ ಉತ್ತರದ ಕಾಲಂ ಖಾಲಿ. ಅವನು ತಲೆ ಹರಟೆ ಬಿಟ್ಟಿದ್ದು ಸಮಾಧಾನ.

ಮನೆಯಲ್ಲೂ ಸಮಾಧಾನ. ಬೆಳಗಿನ ಹೊತ್ತು ಒಂದು ಸದ್ದಿಲ್ಲ. ಬೂಟಿನ ಬ್ರಷ್ಷಿನ ಸದ್ದು ಮಾತ್ರ.

ಯಾಕೋ ಅಜ್ಜಿ ನೆನಪಾದಳು. ಊರಿನಲ್ಲಿ ಮಧ್ಯಾಹ್ನ ಕಾಳು ಆರಿಸುತ್ತಾ ಬೀದಿ ಮಕ್ಕಳನ್ನೆಲ್ಲ ಕೂರಿಸಿಕೊಂಡು ಕಳ್ಳರ ಕಥೆ ಹೇಳುತ್ತಿದ್ದಳು. ಒಂದು ದಿನ ಏಳು ಜನ ಕಳ್ಳರು, ಮಾರನೇ ದಿನ ಒಂಬತ್ತು. ನಾನು ಆಗಲೂ ಸುಮ್ಮನಿರುವವಳಲ್ಲ. "ಅಜ್ಜೀ, ನಿನ್ನೆ ಏಳು ಅಂದಿದ್ದೆ!" "ಹೌದು ಮಗಾ, ಇಬ್ಬರು ನಿನ್ನೆ ಹೊಸದಾಗಿ ಸೇರ್ಕೊಂಡ್ರು." ಬಾವಿ ಒಂದು ದಿನ ಮನೆಯ ಹಿಂದೆ, ಒಂದು ದಿನ ಮುಂದೆ. ಕೇಳಿದರೆ, "ಹಿಂದೆ ಬಿಸಿಲು ಅಂತ ಮುಂದೆ ಬಂತು." ಹೀಗೆ ನಾನು ತಿದ್ದಿ ತಿದ್ದಿ, ಒಂದು ದಿನ ಅವಳು ಮೊರ ಕೆಳಗಿಟ್ಟು, "ಹಂಗಾದ್ರೆ ನೀನೇ ಹೇಳು ತಾಯಿ," ಎಂದಳು. ಹೇಳಿದೆ. ಒಂದು ತಪ್ಪಿಲ್ಲದೆ, ಏಳು ಜನ ಕಳ್ಳರು, ಬಾವಿ ಹಿಂದೆಯೇ. ಅರ್ಧಕ್ಕೇ ಮಕ್ಕಳೆಲ್ಲ ಎದ್ದು ಹೋದರು.

ಆ ಮಕ್ಕಳಿಗೆ ಶಿಸ್ತೆಂಬುದೇ ಇರಲಿಲ್ಲ.

ಜೂನ್ 27, ಗುರುವಾರ, ಸಂಜೆ 6.30

ಕಾರ್ ರೇಸ್ ಪರೀಕ್ಷೆ ಮುಗಿಯಿತು. ಐದನೇ ಕಾರು ರಸ್ತೆಗೆ ಬಂದರೆ ಸೋಪಿಗೆ ಉಸಿರು ಕಟ್ಟುತ್ತದೆ. ನಾಲ್ಕಕ್ಕೆ ಇಳಿಸಿದರು. ದೋಷ ಏನೂ ಇಲ್ಲ. ಬರೆಯಲೂ ಏನೂ ಇಲ್ಲ.

ಜುಲೈ 2, ಮಂಗಳವಾರ, ಸಂಜೆ

ಎರಡೂ ಗೇಮಿಗೆ ಸೀಲು ಒತ್ತಿದೆ. ಶನಿವಾರ ದೊಡ್ಡ ಅಂಗಡಿಯಲ್ಲಿ ಜನರ ಕೈಗೆ ಕೊಟ್ಟು ನೋಡುವುದು, ಸೋಮವಾರ ಮೇಷ್ಟ್ರು ತೀರ್ಮಾನ ಮಾಡುವುದು.

ಮನೆಯಲ್ಲಿ ಏನೋ ಕೆಟ್ಟಿದೆ. ಏನೆಂದು ಸಿಗುತ್ತಿಲ್ಲ. ಬೆಳಗ್ಗೆ ಎದ್ದ ಕೂಡಲೇ ಏನೋ ನಿಂತುಹೋದ ಹಾಗೆ ಅನ್ನಿಸುತ್ತದೆ. ಫ್ರಿಜ್ಜಿಗೆ ಕಿವಿಯಿಟ್ಟು ನೋಡಿದೆ, ಓಡುತ್ತಿದೆ. ಗಡಿಯಾರ, ನಲ್ಲಿ, ಫ್ಯಾನ್ ಎಲ್ಲ ಸರಿ. ನಮ್ಮವರು, "ಏನು ಹುಡುಕ್ತಿದೀಯಾ?" ಎಂದರು. "ಗೊತ್ತಿಲ್ಲ," ಎಂದೆ. ನನ್ನ ಬಾಯಿಂದ ಆ ಮಾತು ಕೇಳಿ ಅವರು ಬೂಟಿನ ಲೇಸು ಕಟ್ಟುವುದನ್ನೇ ಮರೆತರು.

ಜುಲೈ 6, ಶನಿವಾರ

ಬರೆಯುವುದು ಬಹಳ ಇದೆ.

ಅಂಗಡಿಯ ಮೂರನೇ ಮಹಡಿ. ಒಂದು ಕಡೆ ಬಟ್ಟೆ ಒಗೆಯುವ ಮಿಷನ್‌ಗಳ ಸಾಲು, ಎದುರು ದೊಡ್ಡ ಕಂಪನಿಗಳ ಕೌಂಟರು, ಗೋಡೆಯಗಲದ ಟಿವಿ. ನಡುವೆ ನಮ್ಮ ಮೇಜು, ಮದುವೆಮನೆಯಲ್ಲಿ ದಾರಿ ತಪ್ಪಿ ಕೂತವರ ಹಾಗೆ. ಆರು ಸೋಪು. ಮೂರರಲ್ಲಿ ಕಾರು, ಮೂರರಲ್ಲಿ ಮನೆ. ಗಡ್ಡ ಬರಲಿಲ್ಲ, ಹಲ್ಲುನೋವಂತೆ. ಬೆಳಗ್ಗೆಯೇ ಮನೆ ಗೇಮಿನ ಒಂದು ಸೋಪು ಆನ್ ಆಗಲಿಲ್ಲ. ಬುಲೆಟ್ ಮೇಡಂ, "ಬೇಗ ಬೇಗ, ನಿಮ್ಮ ಹತ್ರ ಇನ್ನೊಂದು ಇಲ್ವಾ?" ಎಂದು ಗಡಿಬಿಡಿ ಮಾಡಿದರು. ನನ್ನ ಚೀಲದಲ್ಲಿದ್ದ ನನ್ನದೇ ಸೋಪನ್ನು ಕೊಟ್ಟೆ. ಮೂಲೆ ಒಡೆದು ಹಳದಿ ಟೇಪು ಸುತ್ತಿದ್ದು.

ಕಾರಿನ ಕಡೆ ಜನವೋ ಜನ. ಬುಲೆಟ್ ಮೇಡಂ ನನ್ನ ಪಕ್ಕೆಗೆ ತಿವಿದು, "ನೋಡಿದ್ರಾ!" ಎಂದರು. ನೋಡಿದೆ. ಒಬ್ಬ ಆಡಿದ, ತಲೆಯೆತ್ತಿದ, ಎದುರಿನ ಗೋಡೆಯಗಲದ ಟಿವಿಯಲ್ಲಿ ಹನ್ನೆರಡು ಕಾರು ಓಡುತ್ತಿದ್ದದ್ದು ಕಂಡ. "ಅಲ್ಲಿ ಇನ್ನೂ ಚೆನ್ನಾಗಿ ಓಡುತ್ತಲ್ಲಾ," ಎಂದು ಸೋಪನ್ನು ಕೆಳಗಿಟ್ಟು ಆ ಕಡೆ ಹೋದ. ಹಿಂದೆಯೇ ಇನ್ನೊಬ್ಬ. ಊಟದ ಹೊತ್ತಿಗೆ ಹದಿನಾಲ್ಕು ಜನ ಹೀಗೆ ಎದುರು ಕೌಂಟರಿಗೆ ದಾಟಿದರು. ನಾವು ಮೇಜು ಹಾಕಿ ಅವರ ಅಂಗಡಿಗೆ ಗಿರಾಕಿ ಕಳಿಸುತ್ತಿದ್ದೆವು.

ಮನೆಯ ಎರಡು ಸೋಪುಗಳನ್ನು ಎತ್ತಿಕೊಂಡವರು ಮುಗುಳ್ನಕ್ಕರು, ಎರಡು ನಿಮಿಷ ಆಡಿದರು, "ಚೆನ್ನಾಗಿದೆ," ಎಂದು ಇಟ್ಟರು. ಆ 'ಚೆನ್ನಾಗಿದೆ'ಯನ್ನು ನಾನು ಬಲ್ಲೆ. ನೆಂಟರ ಮನೆಯ ಹೊಸ ಪರದೆಗೆ ಹೇಳುವ ಮಾತು ಅದು.

ಆಗ ಮೇಜಿನ ಆ ತುದಿಯಿಂದ, ಎಸ್ಕಲೇಟರ್ ಪಕ್ಕದಿಂದ, ಒಂದು ಕೂಗು. "ಏಯ್, ಬಾ ಅಂದ್ರೆ ಬರ್ಬೇಕು!"

ಆಸ್ಪತ್ರೆಯ ಪಾಳಿ ಮುಗಿಸಿ ಯೂನಿಫಾರಂನಲ್ಲೇ ಬಂದಿದ್ದ ನರ್ಸ್ ಒಬ್ಬಳು. ಪಕ್ಕದಲ್ಲಿ ಅವಳ ಗಂಡ. ಕೈಯಲ್ಲಿ ಹಳದಿ ಟೇಪಿನ ಸೋಪು.

"ನೋಡ್ರೀ, ಹೆಂಗೆ ಬೆನ್ನು ಹಾಕ್ಕೊಂಡು ನಿಂತಿದೆ. ಥೇಟ್ ನಮ್ಮತ್ತೆ!"

"ನಮ್ಮಮ್ಮನ್ನ ಯಾಕೆ ಎಳೀತೀಯಾ ಮಧ್ಯ?"

"ಎಳೆದ್ರೆ ತಾನೇ ಬರೋದು ಅವ್ರು?"

ಆ ತುದಿಗೆ ಓಡಿದೆ. ತಿದ್ದುವ ಮೊದಲಿನ ಪ್ರತಿ ಅದು! ಹೋಲಿಸಿ ನೋಡಲಿಕ್ಕೆಂದು ನನ್ನ ಸೋಪಿನಲ್ಲಿ ಹಳೆಯದನ್ನೇ ಉಳಿಸಿಕೊಂಡಿದ್ದೆ. ದೋಷ 17 ಇರುವ ಗೇಮು, ನನ್ನ ಸೀಲಿಲ್ಲದ ಗೇಮು, ನನ್ನ ಚೀಲದಿಂದಲೇ, ನನ್ನ ಕೈಯಾರೆ ಜನರ ಕೈಗೆ ಹೋಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ.

"ಅಮ್ಮಾ, ಅದು ಕೆಟ್ಟಿದೆ, ಕೊಡಿ. ಬೇರೆ ಕೊಡ್ತೀನಿ."

"ಕೆಟ್ಟಿಲ್ಲ ಬಿಡಿ, ಕೊಬ್ಬು ಅದಕ್ಕೆ," ಎಂದಳು ನರ್ಸ್, ಕಣ್ಣು ತೆಗೆಯದೆ.

ಊರುಗೋಲಿನ ಮುದುಕರೊಬ್ಬರು ಬಗ್ಗಿ ನೋಡುತ್ತಿದ್ದರು. "ಬೈಬೇಡಮ್ಮಾ. ಬೈದ್ರೆ ಬರಲ್ಲ ಅದು. ನೀನು ಸುಮ್ನೆ ಬೇರೆ ಕಡೆ ನೋಡು, ಆಮೇಲೆ ಕರಿ." ಅವಳು ವಾಷಿಂಗ್ ಮಿಷನ್ ಕಡೆ ಮುಖ ತಿರುಗಿಸಿ ಬಟನ್ ಒತ್ತಿದಳು. ಮನೆ ಕುಣಿಯುತ್ತಾ ಬಂತು. ಸುತ್ತ ನಿಂತವರೆಲ್ಲ ಹೋ ಎಂದರು. ಮುದುಕರು ಅಂಗಿಯ ಕಾಲರ್ ಎತ್ತಿಕೊಂಡರು.

ಅಲ್ಲಿ ಮುಖ ತಿರುಗಿಸುವುದಕ್ಕೂ ಮನೆ ಬರುವುದಕ್ಕೂ ಸಂಬಂಧವೇ ಇಲ್ಲ. ಏಳಕ್ಕೆ ಒಂದು, ಅಷ್ಟೇ. ಅದನ್ನು ವಿವರಿಸಬೇಕೆಂದು ಬಾಯಿ ತೆರೆದೆ. ಮುದುಕರ ಮುಖ ನೋಡಿ ಮುಚ್ಚಿದೆ.

ಆಮೇಲೆ ಒಬ್ಬೊಬ್ಬರದು ಒಂದೊಂದು ಸಿದ್ಧಾಂತ. ಎರಡು ಸಲ ಬೇಗ ಬೇಗ ಕರೆದರೆ ಅದಕ್ಕೆ ಅವಮಾನವಾಗುತ್ತದಂತೆ. ಹತ್ತಿರ ಹೋಗಿ ಕರೆದರೆ ಬರುತ್ತದಂತೆ. ಒಬ್ಬ ಸೋಪನ್ನು ಬಾಯಿಗೆ ಹಿಡಿದು ಮುದ್ದು ಮಾಡಿದ. ಸೆಕ್ಯುರಿಟಿಯವನು ಪಾಳಿ ಬಿಟ್ಟು ಎರಡು ಸಲ ಬಂದ. ಕೊನೆಗೆ ಕೇಳಿದ, "ಮೇಡಂ, ಈ ಹಳದಿ ಟೇಪಿಂದು ಯಾವಾಗ ಬರುತ್ತೆ ಅಂಗಡಿಗೆ?"

"ಆ ಎರಡರಲ್ಲೂ ಇರೋದು ಅದೇ ಗೇಮಪ್ಪಾ."

"ಅಲ್ಲ ಬಿಡಿ. ಅದು ಒಳ್ಳೇ ಮನೆ. ನನಗೆ ಇದು ಬೇಕು."

ಹನ್ನೊಂದು ಜನ ಆಡಿದರು. ಯಾರೂ ಹತ್ತು ನಿಮಿಷಕ್ಕೆ ಮುಂಚೆ ಕೈ ಬಿಡಲಿಲ್ಲ. ಕಿತ್ತುಕೊಂಡೇ ಬಿಡಿಸಬೇಕಾಯಿತು.

ಮೇಜು ಮಡಚುವಾಗ ಬುಲೆಟ್ ಮೇಡಂ ಕಾಗದದಲ್ಲಿ ಬರೆದುಕೊಂಡರು: "ಮನೆ, ಎರಡು ಕಡೆ ಸಪ್ಪೆ. ಒಂದು ಕಡೆ ಗುಂಪು. ಎಸ್ಕಲೇಟರ್ ಪಕ್ಕ ಇದ್ದಿದ್ದಕ್ಕೆ." ನನ್ನ ಕಡೆ ತಿರುಗಿ, "ಅದೇ ಅಲ್ವಾ ಕಾರಣ?" ಎಂದರು.

"ಇರಬಹುದು," ಎಂದೆ.

ಜುಲೈ 7, ಭಾನುವಾರ

ನಿಜವಾದ ಕಾರಣ ಗೊತ್ತಿರುವುದು ನನಗೊಬ್ಬಳಿಗೇ. ಸುಮ್ಮನಿದ್ದರೆ ನಾಳೆ ಕಾರು ಗೆಲ್ಲುತ್ತದೆ. ಬೋರ್ಡಿನ ಸೊನ್ನೆ ಸೊನ್ನೆಯಾಗಿಯೇ ಇರುತ್ತದೆ. ಅಕ್ಟೋಬರಿನಲ್ಲಿ ಸೋಪು ಕೊಳ್ಳಲು ಬಂದವರು ತಲೆಯೆತ್ತಿ ಎದುರಿನ ಟಿವಿ ನೋಡುತ್ತಾರೆ.

ಮಧ್ಯಾಹ್ನ ನಮ್ಮವರು ಹಳದಿ ಟೇಪಿನ ಸೋಪನ್ನು ಎತ್ತಿಕೊಂಡು ಕುರ್ಚಿಯಲ್ಲಿ ಕೂತರು. ಎಂದೂ ಗೇಮ್ ಆಡಿದವರಲ್ಲ. ಬೆಳಗಿನ ಚಳಿಗೆ ಸ್ಟಾರ್ಟ್ ಆಗದ ಬಸ್ಸಿಗೆ ಹೇಳುವ ಹಾಗೆ, "ಬಾ ತಾಯಿ, ಬಾ, ಏಳು, ಹೊತ್ತಾಯ್ತು, ಜನ ಕಾಯ್ತಿದಾರೆ," ಎನ್ನುತ್ತಿದ್ದರು. ಮನೆ ಬೆನ್ನು ಹಾಕಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಟದಲ್ಲಿ ಮೈಮರೆತು ಸಿಳ್ಳೆ ಶುರು ಮಾಡಿದರು. ಮೊದಲನೇ ಸಾಲು ಮುಗಿಯಿತು. ಎರಡನೇ ಸಾಲು ಅರ್ಧ ಬಂತು. ಆ ಜಾಗ ಬಂದಾಗ ತಟಕ್ಕನೆ ನಿಲ್ಲಿಸಿ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಸುಮ್ಮನೆ ಆಡಿದರು.

ಮುಂದಿನದು ಬರುತ್ತದೆಂದು ಕಾದೆ. ಬರಲಿಲ್ಲ. ಟೀಗೆ ಇಟ್ಟ ನೀರು ಕುದಿದು ಕುದಿದು ಪಾತ್ರೆ ಸೀದು ಹೋಯಿತು. ಅಡಿಗೆಮನೆಯ ಬಾಗಿಲಲ್ಲಿ ಅಷ್ಟು ಹೊತ್ತು ನಿಂತಿದ್ದೆನೆಂದು ಕಾಣುತ್ತದೆ.

ಜುಲೈ 8, ಸೋಮವಾರ

ಮೀಟಿಂಗಿನಲ್ಲಿ ಬುಲೆಟ್ ಮೇಡಂ ವರದಿ ಓದಿ ಮುಗಿಸಿದರು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಗಡ್ಡ ಕಿಟಕಿಯಾಚೆ ನೋಡುತ್ತಿದ್ದ, ಹಲ್ಲುನೋವಿರುವವನ ಹಾಗೆ ಕಾಣಲಿಲ್ಲ.

"ಮೇಷ್ಟ್ರೇ, ಎಸ್ಕಲೇಟರ್ ಕಾರಣ ಅಲ್ಲ," ಎಂದೆ. ಹಳದಿ ಟೇಪಿನ ಕಥೆಯನ್ನು ಮೊದಲಿಂದ ಹೇಳಿದೆ. ನನ್ನ ಚೀಲ, ಹಳೆಯ ಪ್ರತಿ, ನರ್ಸ್, ಮುದುಕರು, ಸೆಕ್ಯುರಿಟಿಯವನು.

ಮೇಷ್ಟ್ರು ಹಳೇ ಅಭ್ಯಾಸದಂತೆ, "ಉತ್ತರ ಸಾಲದು, ಹಂತಗಳನ್ನ ತೋರಿಸಿ," ಎಂದರು. ಹನ್ನೊಂದು ಜನರ ನಿಮಿಷಗಳನ್ನು ಬರೆದಿದ್ದ ಕಾಗದ ಕೊಟ್ಟೆ. ಕೆಳಗೆ, ಸರಿಯಾದ ಮನೆಯನ್ನು ಆಡಿದವರ ನಿಮಿಷಗಳು. ಅವರ ಕಣ್ಣು ಮೇಲಿಂದ ಕೆಳಗೆ ಹೋಯಿತು, ಕೆಳಗಿಂದ ಮೇಲೆ ಬಂತು.

ಬುಲೆಟ್ ಮೇಡಂ ಬಿಡಲಿಲ್ಲ. "ಹನ್ನೊಂದು ಜನ ನಕ್ಕರು, ಸರಿ. ನಗೋದು ಬೇರೆ, ಕೊಳ್ಳೋದು ಬೇರೆ. ಒಂದು ಮನೆ ಬೆನ್ನು ತಿರುಗಿಸೋದನ್ನ ನೋಡಕ್ಕೆ ಯಾರಾದ್ರೂ ಮಿಷನ್ ತಗೋತಾರಾ?"

ಒಳ್ಳೆಯ ಪ್ರಶ್ನೆ. "ಗೊತ್ತಿಲ್ಲ ಮೇಡಂ. ಆದ್ರೆ ಕಾರು ಆಡಿದೋರು ಹದಿನಾಲ್ಕು ಜನ ಎದುರುಗಡೆ ಹೋದ್ರು. ಮನೆ ಆಡಿದೋರು ಎಲ್ಲಿಗೆ ಹೋಗ್ಬೇಕು? ಎದುರುಗಡೆ ಅದು ಇಲ್ವಲ್ಲ."

ಮೇಷ್ಟ್ರು ನಿಧಾನಕ್ಕೆ ಹೇಳಿದರು, "ಸ್ಪೀಡಲ್ಲಿ ನಾವು ಮೂರನೇ ರ‍್ಯಾಂಕು. ಮುನಿಸಲ್ಲಿ ಬೇರೆ ಯಾರಿದಾರೆ?"

ಬುಲೆಟ್ ಮೇಡಂ ಎರಡು ಸಲ ಪೆನ್ನು ಕುಟ್ಟಿದರು. ಆಕೆಯಲ್ಲಿ ನನಗೆ ಮೆಚ್ಚಿಗೆಯಾಗುವುದು ಇದೇ, ತಿರುಗುವುದಾದರೆ ಒಂದೇ ಏಟಿಗೆ ತಿರುಗುತ್ತಾರೆ. "ಹಾಗಾದ್ರೆ ಪೋಸ್ಟರಲ್ಲಿ ಮನೆ ಮುಖ ಬೇಡ. ಬರೀ ಬೆನ್ನು. ಕೆಳಗೆ, 'ಒಂದು ಸಲ ಕರೆದು ನೋಡಿ.' ಆಯ್ತಾ? ಬೇಗ ಬೇಗ."

ಉಳಿದದ್ದು ನನ್ನ ಪಾಲಿನ ಕೆಲಸ. ದೋಷ ಹಿಂಪಡೆಯುವ ಅರ್ಜಿ ಎಂದು ಒಂದಿದೆ. ಹತ್ತೊಂಬತ್ತು ವರ್ಷದ ಹಿಂದೆ ನಾನೇ ಮಾಡಿದ್ದು, ಯಾರೂ ಬಳಸಿಲ್ಲ. ಬೀರುವಿನ ತಳದಿಂದ ತೆಗೆದರೆ ಅಂಚೆಲ್ಲ ಹಳದಿ. 'ಕಾರಣ' ಎಂಬ ಕಾಲಂ ಎಷ್ಟು ಚಿಕ್ಕದೆಂದರೆ ಇರುವೆಯೂ ಕಾಲು ಮಡಚಿ ಕೂರಬೇಕು. ಆಗ ನಾನು ಯಾರಿಗೂ ಕಾರಣ ಇರಬಾರದೆಂದೇ ಅಷ್ಟು ಸಣ್ಣದು ಮಾಡಿದ್ದೆನೋ ಏನೋ. ಅದರಲ್ಲಿ ಹಿಡಿಸುವಷ್ಟು ಬರೆದೆ: "ತಪ್ಪದೆ ಬರುವ ಮನೆಯನ್ನು ಯಾರೂ ಎರಡನೇ ಸಲ ಕರೆಯಲಿಲ್ಲ."

ಗಡ್ಡ ಬಾಗಿಲಲ್ಲಿ ನಿಂತಿದ್ದ. "ಅಕ್ಕ, ಸೊನ್ನೆ ಹೋಯ್ತಲ್ಲ."

"ಹೋಗ್ಲಿ ಬಿಡೋ. ಕುಂಚ ತಗೊಂಡು ಬಾ. ಒಂದು ಅಂತ ಚೆನ್ನಾಗಿ ಬರಿ, ನಿಂದೇ ತಾನೇ ಪರದೆ ಬರೆಯೋ ಕೈ."

ಬರೆದ. ಒಂದಕ್ಕೆ ಎರಡು ಪುಟ್ಟ ಕಾಲು ಇಟ್ಟ. ಅಳಿಸು ಎನ್ನಲಿಲ್ಲ.

ಮಂಗಳವಾರ ಬೆಳಗ್ಗೆ

ಬೂಟು ಉಜ್ಜುತ್ತಿದ್ದರು. ಹೋಗಿ ಪಕ್ಕದ ಮೆಟ್ಟಿಲ ಮೇಲೆ ಕೂತೆ. ಹೇಗೆ ಶುರು ಮಾಡುವುದೆಂದು ತಿಳಿಯಲಿಲ್ಲ. ನನಗೆ ಸಿಳ್ಳೆ ಬರುವುದಿಲ್ಲ, ಆದರೂ ತುಟಿ ಮಡಚಿ ಊದಿದೆ. ಮೊದಲನೇ ಸಾಲು ಬರೀ ಗಾಳಿ. ಎರಡನೇ ಸಾಲು ಗಾಳಿ ಮತ್ತು ಉಗುಳು. ಆ ಜಾಗದಲ್ಲಿ ಮೇಲಕ್ಕೆ ಹೋದೆ.

"ಅಲ್ಲಿ ಹಂಗಲ್ಲ ಇನ್‌ಸ್ಪೆಕ್ಟ್ರಮ್ಮ," ಎಂದರು, ಬ್ರಷ್ಷು ನಿಲ್ಲಿಸದೆ. "ಅಲ್ಲಿ ಎಡಕ್ಕೆ ತಿರುಗ್ಬೇಕು."

"ಅದು ತಪ್ಪಲ್ವಾ?"

"ತಪ್ಪೇ. ನಂಗೂ ಗೊತ್ತು. ಆದ್ರೆ ಅಲ್ಲಿ ತಿರುಗದೆ ಇದ್ರೆ ಮುಂದಿನ ಸ್ಟಾಪ್ ನಂಗೆ ಸಿಗಲ್ಲ."

"ಹಂಗಾದ್ರೆ ತಿರುಗಿಸಿ. ನಾನೂ ಹತ್ಕೋತೀನಿ."

ನನ್ನನ್ನು ಒಂದು ಗಳಿಗೆ ನೋಡಿದರು. ಬೂಟು ಕೆಳಗಿಟ್ಟು, ತುಟಿ ಒರೆಸಿಕೊಂಡು, ಮೊದಲಿಂದ ಹಾಕಿದರು. ಎರಡನೇ ಸಾಲು, ಆ ಜಾಗ, ಎಡಕ್ಕೆ. ಎಲ್ಲೋ ಹೋಗಿ, ಹೇಗೋ ವಾಪಸ್ ಬಂತು.

ಫ್ರಿಜ್ಜು ಈಗ ಸರಿಯಾಗಿದೆ.

ಅಕ್ಟೋಬರ್, ಒಂದು ಗುರುವಾರ

ಬಹಳ ದಿನವಾಯಿತು ಬರೆದು. ಬರೆಯುವಷ್ಟು ಸಿಟ್ಟು ಬರಲಿಲ್ಲ. ಡಾಕ್ಟರು ಪಟ್ಟಿ ಬಿಚ್ಚುತ್ತಾ, "ಕೆಲಸ ಬದಲಾಯಿಸಿದ್ರಾ?" ಎಂದರು. ಇಲ್ಲ, ಅದೇ ಕೆಲಸ ಎಂದೆ.

ಸೋಪು ಅಂಗಡಿಗೆ ಹೋಗಿ ಮೂರು ವಾರ. ಮೇಷ್ಟ್ರು ಇವತ್ತು ಎಲ್ಲರನ್ನೂ ಕೂರಿಸಿ ಹೇಳಿದರು. ದೊಡ್ಡವರು ಹತ್ತು ಮಾರಿದರೆ ನಾವು ಒಂದು. ಯಾರೂ ಪಟಾಕಿ ಹೊಡೆಯುವ ಹಾಗಿಲ್ಲ. ಆದರೆ ಮೊದಲನೇ ಸಲ, ಅಂಗಡಿಗೆ ಹೋದ ಪೆಟ್ಟಿಗೆಗಳು ವಾಪಸ್ ಬರಲಿಲ್ಲ, ಅಂಗಡಿಯವರೇ ಇನ್ನಷ್ಟು ಕಳಿಸಿ ಎಂದು ಫೋನ್ ಮಾಡಿದರು. ಸೋಪಿಗೆ ಕಂಪನಿ ಇಟ್ಟಿರುವ ಹೆಸರು ಯಾರಿಗೂ ನೆನಪಿಲ್ಲವಂತೆ. ಬಂದವರೆಲ್ಲ ಕೇಳುವುದು ಒಂದೇ, "ಆ ಮುನಿಸ್ಕೊಳ್ಳೋ ಮನೆ ಇದೆಯಾ?" ಮನೆ ಕೇಳಿಕೊಂಡು ಬಂದು ಮಿಷನ್ ತೆಗೆದುಕೊಂಡು ಹೋಗುತ್ತಿದ್ದಾರೆ. ಬಟನ್ ಕೆಟ್ಟಿದೆ ಎಂದು ವಾಪಸ್ ತಂದವರು ಇಬ್ಬರು. ಅವರಲ್ಲಿ ಒಬ್ಬರು ಅಂಗಡಿಯಲ್ಲೇ ಇನ್ನೊಂದು ಸಲ ಕರೆದು, ಬಂತೆಂದು ಮನೆಗೆ ಕರೆದುಕೊಂಡು ಹೋದರಂತೆ.

"ರಿಮೋಟಿಗೆ ಹೋಗೋದು ಮುಂದಿನ ವರ್ಷ ಯೋಚನೆ ಮಾಡೋಣ," ಎಂದರು ಮೇಷ್ಟ್ರು. ನಲವತ್ತು ಜನವೂ ಒಟ್ಟಿಗೆ ಉಸಿರು ಬಿಟ್ಟೆವು. ಕಿಟಕಿಯ ಪರದೆ ಅಲ್ಲಾಡಿತು. ಗಾಳಿಗೇ ಇರಬಹುದು.

ಈಗ ಎರಡನೇ ಗೇಮ್ ಬೇಕಂತೆ. ಅಜ್ಜಿ ಕಥೆ ಹೇಳುತ್ತಿದ್ದಳೆಂದು ಯಾವಾಗಲೋ ಬಾಯಿ ಬಿಟ್ಟಿದ್ದೆ, ಗಡ್ಡ ಅದನ್ನೇ ಹಿಡಿದು ಕೂತಿದ್ದಾನೆ. ನಿನ್ನೆ ಕಳ್ಳರ ಕಥೆ ಅರ್ಧ ಹೇಳಿದ್ದೆ. ಇವತ್ತು ಟೀ ಹೊತ್ತಿಗೆ ಬುಲೆಟ್ ಮೇಡಂ ಕೂಡ ಕುರ್ಚಿ ಎಳೆದುಕೊಂಡು ಬಂದರು. ನಾನು ಕೈಯಲ್ಲಿ ಮೊರ ಇದ್ದ ಹಾಗೆ ಕಾಲು ಚಾಚಿ ಕೂತು ಶುರು ಮಾಡಿದೆ. "ಆ ಒಂಬತ್ತು ಜನ ಕಳ್ಳರೂ ಮುಂದಿನ ಬಾವಿ ಹತ್ರ ಬಂದು..."

"ಅಕ್ಕ, ಅಕ್ಕ," ಎಂದ ಗಡ್ಡ. "ನಿನ್ನೆ ಏಳು ಜನ ಅಂದಿದ್ರಿ." ಬರೆದುಕೊಳ್ಳಲು ಪೆನ್ನು ತೆಗೆದ.

"ಇಡೋ ಪೆನ್ನು ಕೆಳಗೆ," ಎಂದೆ. "ಇಬ್ಬರು ನಿನ್ನೆ ಹೊಸದಾಗಿ ಸೇರ್ಕೊಂಡ್ರು."